ಮಣಿಕಟ್ಟು 16 ಸೆಂ.ಮೀ.: ವಾಚು 36 ಮಿ.ಮೀ. ಇರಬೇಕೇ, 40 ಮಿ.ಮೀ. ಇರಬೇಕೇ?

ಕೆರೆಏರಿ (ದಾವಣಗೆರೆ) — ಪ್ರಶ್ನೆ

ನಿತ್ಯ ಕಚೇರಿಗೆ ಕಟ್ಟಿಕೊಂಡು ಹೋಗಲು ಒಂದು ಒಳ್ಳೆಯ ಕೈಗಡಿಯಾರವನ್ನು ಕೊಂಡು, ಅದನ್ನೇ ನಿವೃತ್ತಿಯವರೆಗೂ ಉಳಿಸಿಕೊಳ್ಳಬೇಕೆಂಬುದು ನನ್ನ ಯೋಚನೆ. 40 ಸಾವಿರ ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಯಾವ ಕಂಪನಿಯದೆಂಬ ಬಗ್ಗೆ ಅಷ್ಟೇನೂ ಗೊಂದಲವಿಲ್ಲ, ತೊಡಕಿರುವುದು ಗಾತ್ರದಲ್ಲಿ. ನನ್ನ ಮಣಿಕಟ್ಟಿನ ಸುತ್ತಳತೆ 16 ಸೆಂಟಿಮೀಟರ್, ಅಂದರೆ ಸುಮಾರು 6.3 ಇಂಚು. ಮೈಕಟ್ಟೂ ಸಣ್ಣದೇ.

ಇಲ್ಲಿನ ಅಂಗಡಿಗಳಲ್ಲಿ ವಿಚಾರಿಸಿದರೆ, ಗಂಡಸರಿಗೆ 42 ಮಿ.ಮೀ.ಗಿಂತ ಕಡಿಮೆಯದು ಒಪ್ಪುವುದಿಲ್ಲವೆಂದು ಹೇಳಿ ದೊಡ್ಡ ವಾಚುಗಳನ್ನೇ ಸಾಲಾಗಿ ಮುಂದಿಡುತ್ತಾರೆ. ಅಂತರಜಾಲದಲ್ಲಿ ಓದಿದರೆ ಇದಕ್ಕೆ ತದ್ವಿರುದ್ಧವಾದ ಮಾತು: 38 ದಾಟಿದ್ದೆಲ್ಲ ಹತ್ತು ವರ್ಷ ಹಿಂದಿನ ಷೋಕಿ, ಈಗ 36ರ ಕಾಲ ಎನ್ನುತ್ತಾರೆ. ಮನೆಯಲ್ಲಿ ತಂದೆಯವರ ಎಚ್‌ಎಂಟಿ ಜನತಾ ಇದೆ. ಅದು ಸುಮಾರು 35 ಮಿ.ಮೀ. ವ್ಯಾಸದ್ದು; ನನ್ನ ಕೈಗೆ ಚೆನ್ನಾಗಿಯೇ ಕೂರುತ್ತದೆ. ಆದರೆ ಅದನ್ನು ಕಟ್ಟಿಕೊಂಡು ಹೋದ ದಿನ, ಮನೆಯವರ ವಾಚನ್ನು ಹಾಕಿಕೊಂಡು ಬಂದಿದ್ದೀರಾ ಎಂದು ಕೇಳಿದ ಸಹೋದ್ಯೋಗಿಗಳೂ ಇದ್ದಾರೆ.

ಸದ್ಯಕ್ಕೆ ಮನಸ್ಸಿನಲ್ಲಿರುವುದು ಟಿಸ್ಸೊ ಪಿಆರ್‌ಎಕ್ಸ್. ಅದು 35 ಮತ್ತು 40 ಎರಡರಲ್ಲೂ ಸಿಗುತ್ತದೆ. ಇನ್ನೊಂದು ಸೈಕೊ 5. ಈಗಿನ ಅಭಿರುಚಿಗೆ ಒಪ್ಪಿ ಸಣ್ಣದನ್ನು ಕೊಂಡರೆ, ಇನ್ನು ಹತ್ತು ವರ್ಷಕ್ಕೆ ಮತ್ತೆ ದೊಡ್ಡದರ ಕಾಲ ಬಂದು ನನ್ನ ಕೈ ಬೋಳಾಗಿ ಕಂಡೀತೇ ಎಂಬ ಅಳುಕಿದೆ. ಯಾವ ಅಂಕಿಯನ್ನು ನಂಬಿ ನಿರ್ಧಾರ ಮಾಡಬೇಕು, ಬಲ್ಲವರು ತಿಳಿಸಬೇಕಾಗಿ ವಿನಂತಿ.

ಅಳತೆಪಟ್ಟಿ (ಬೆಂಗಳೂರು)

ನೀವು ಕೊಟ್ಟಿರುವ ಎರಡು ಅಂಕಿಗಳಲ್ಲಿ ಒಂದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಇನ್ನೊಂದು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಸುತ್ತಳತೆ 16 ಸೆಂ.ಮೀ. ಇರುವ ಇಬ್ಬರಲ್ಲಿ ಒಬ್ಬರ ಮಣಿಕಟ್ಟು ಚಪ್ಪಟೆಯಾಗಿ ಅಗಲವಾಗಿರಬಹುದು, ಮತ್ತೊಬ್ಬರದು ಗುಂಡಗಿರಬಹುದು. ಗಡಿಯಾರ ಕೂರುವುದು ಮೇಲ್ಭಾಗದ ಸಮತಟ್ಟಾದ ಜಾಗದ ಮೇಲೆ ಮಾತ್ರ. ಆದ್ದರಿಂದ ಟೇಪನ್ನು ಸುತ್ತುವ ಬದಲು, ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಮಣಿಕಟ್ಟಿನ ಮೇಲೆ ಅಡ್ಡಲಾಗಿ ಒಂದು ಸ್ಕೇಲನ್ನು ಇಟ್ಟು, ಎರಡೂ ಅಂಚುಗಳಲ್ಲಿ ಚರ್ಮ ಕೆಳಕ್ಕೆ ಇಳಿಯತೊಡಗುವ ಜಾಗದವರೆಗೆ ಎಷ್ಟು ಮಿಲಿಮೀಟರ್ ಇದೆಯೆಂದು ನೋಡಿಕೊಳ್ಳಿ.

ಇನ್ನು ವಾಚಿನ ಕಡೆಯ ಅಂಕಿ. ಕಂಪನಿಗಳು ಹೇಳುವ ವ್ಯಾಸವೆಂದರೆ, ಕೀಲಿ ಕೊಡುವ ಕ್ರೌನನ್ನು ಬಿಟ್ಟು, 9ರ ಕಡೆಯಿಂದ 3ರ ಕಡೆಗೆ ಇರುವ ಕೇಸಿನ, ಅಂದರೆ ಯಂತ್ರವನ್ನು ಹಿಡಿದಿಡುವ ಹೊರಕವಚದ ಅಗಲ. ಈ ಅಳತೆ ನಿಮ್ಮ ತೋಳಿನ ಉದ್ದಕ್ಕೆ ಮಲಗುತ್ತದೆ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲ. ಮಣಿಕಟ್ಟಿಗೆ ಅಡ್ಡಲಾಗಿ ಬರುವುದು 12ರಿಂದ 6ರ ಕಡೆಗಿನ ಅಳತೆ, ಅಂದರೆ ಪಟ್ಟಿಯನ್ನು ಸಿಕ್ಕಿಸುವ ಮೇಲಿನ ಲಗ್‌ನ ತುದಿಯಿಂದ ಕೆಳಗಿನ ಲಗ್‌ನ ತುದಿಯವರೆಗಿನ ಉದ್ದ. ಈ ಉದ್ದ ನಿಮ್ಮ ಸಮತಟ್ಟಾದ ಜಾಗಕ್ಕಿಂತ ಹೆಚ್ಚಾದರೆ ಲಗ್‌ಗಳು ಎರಡೂ ಬದಿಯಲ್ಲಿ ಆಚೆಗೆ ಚಾಚಿಕೊಳ್ಳುತ್ತವೆ, ಪಟ್ಟಿಗೂ ಚರ್ಮಕ್ಕೂ ನಡುವೆ ಸಂದು ಬಿಡುತ್ತದೆ, ಆಗ ಎಷ್ಟು ಬೆಲೆಯ ವಾಚಾದರೂ ಬೇರೆಯವರಿಂದ ಕೇಳಿ ತಂದಂತೆ ಕಾಣುತ್ತದೆ.

ಇದಕ್ಕೆ ಒಂದು ಉದಾಹರಣೆ ನೋಡಿ. ಸೈಕೊ 5 ಸ್ಪೋರ್ಟ್ಸ್ ಸರಣಿಯ, ಡೈವರ್ (ನೀರಿನಾಳಕ್ಕೆ ಇಳಿಯುವವರ ವಾಚಿನ) ಆಕಾರದ ಮಾದರಿಯ ವ್ಯಾಸ 42.5 ಮಿ.ಮೀ.; ಆದರೆ ಲಗ್‌ನಿಂದ ಲಗ್‌ಗೆ ಸುಮಾರು 46 ಮಾತ್ರ. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್ ಎಂಬುದರ ವ್ಯಾಸ 38 ಮಿ.ಮೀ.; ಲಗ್‌ಗಳು ನೀಳವಾಗಿರುವುದರಿಂದ ಉದ್ದ 47ರಿಂದ 48ಕ್ಕೆ ಹೋಗುತ್ತದೆ. ವ್ಯಾಸವನ್ನೇ ನಂಬಿದವರು ಎರಡನೆಯದನ್ನು ಸಣ್ಣ ವಾಚೆಂದು ಕೊಂಡು, ಮೊದಲನೆಯದಕ್ಕಿಂತ ಉದ್ದದ ವಾಚನ್ನು ಮನೆಗೆ ತಂದಿರುತ್ತಾರೆ.

ನಿಮ್ಮ ಪಿಆರ್‌ಎಕ್ಸ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ಕೇಸು ಮತ್ತು ಚೈನು ಒಂದಕ್ಕೊಂದು ಹೊಂದಿಕೊಂಡೇ ಇಳಿಯುತ್ತವೆ. ಕೇಸನ್ನು ಸೇರುವ ಮೊದಲ ಕೊಂಡಿ ನೇರವಾಗಿ ಕೆಳಕ್ಕೆ ಬಾಗದೆ ಸ್ವಲ್ಪ ದೂರ ಹೊರಕ್ಕೆ ಚಾಚುತ್ತದೆ. ಹೀಗಾಗಿ ಅಂಥ ವಾಚು ಕಾಗದದ ಮೇಲಿನ ಅಳತೆಗಿಂತ ಕೈಯ ಮೇಲೆ ದೊಡ್ಡದಾಗಿ ಕೂರುತ್ತದೆ. 40ರ ಪಿಆರ್‌ಎಕ್ಸ್ ಎಷ್ಟೋ ಬಾರಿ 42ರ ಚರ್ಮದ ಪಟ್ಟಿಯ ವಾಚಿನಷ್ಟು ಜಾಗ ಹಿಡಿಯುತ್ತದೆ.

ಕಣ್ಣಿಗೆ ಕಾಣುವ ಗಾತ್ರದ್ದು ಬೇರೆಯೇ ಲೆಕ್ಕ. 36ರಿಂದ 40ಕ್ಕೆ ನಾಲ್ಕೇ ಮಿಲಿಮೀಟರ್ ಎನಿಸಿದರೂ, ವೃತ್ತದ ವಿಸ್ತೀರ್ಣ ಶೇ. 23ರಷ್ಟು ಹೆಚ್ಚುತ್ತದೆ, ಕಣ್ಣು ನೋಡುವುದು ವಿಸ್ತೀರ್ಣವನ್ನು. ಸುತ್ತ ದಪ್ಪ ಬೆಜೆಲ್ (ಗಾಜಿನ ಸುತ್ತಲಿನ ಬಳೆ) ಇರುವ ಡೈವರ್ ವಾಚಿನಲ್ಲಿ ಡಯಲ್ ಚಿಕ್ಕದಾಗಿರುವುದರಿಂದ ಅದು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಅಂಚಿನವರೆಗೂ ಬಿಳಿಯ ಡಯಲ್ ಹರಡಿರುವ ವಾಚು ದೊಡ್ಡದಾಗಿ ಕಾಣುತ್ತದೆ. ಚೌಕಾಕಾರದ ವಾಚುಗಳಿಗೆ ವ್ಯಾಸದ ಲೆಕ್ಕವೇ ಹೊಂದುವುದಿಲ್ಲ. ಕಾರ್ಟಿಯೇ ಟ್ಯಾಂಕ್ ಮಸ್ಟ್‌ನ ದೊಡ್ಡ ಗಾತ್ರವೆಂದರೆ 33.7 × 25.5 ಮಿ.ಮೀ. ಅಷ್ಟೇ, ಅದನ್ನು ಸಣ್ಣದೆಂದು ಯಾರೂ ಮೂಗು ಮುರಿಯುವುದಿಲ್ಲ.

ಕೊನೆಯದಾಗಿ, ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಕೈಯ ಚಿತ್ರವನ್ನು ನೋಡಿ ನಿರ್ಧರಿಸಬೇಡಿ. ಮಸೂರಕ್ಕೆ ಹತ್ತಿರವಿರುವ ವಾಚು ಹಿಂದಿನ ತೋಳಿಗಿಂತ ಹಿಗ್ಗಿ ಕಾಣುತ್ತದೆ. ಅಂಗಡಿಯ ನಿಲುಗನ್ನಡಿಯ ಮುಂದೆ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಬೇರೆಯವರು ನೋಡುವುದು ಆ ದೂರದಿಂದ.

ಹಳೆಮುಳ್ಳು (ಮೈಸೂರು)

ಅಳತೆಯ ಬಗ್ಗೆ ಮೇಲಿನವರು ಹೇಳಿರುವುದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಅಳುಕು ಇರುವುದು ಕಾಲದ ಬಗ್ಗೆ. ಹಾಗಾಗಿ ಗಾತ್ರಗಳು ಏರಿಳಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಗಂಡಸರದು ಜೇಬುಗಡಿಯಾರ, ಕೈಗೆ ಕಟ್ಟುವುದು ಹೆಂಗಸರ ಆಭರಣವೆಂಬ ಭಾವನೆ ಯೂರೋಪಿನಲ್ಲಿತ್ತು. ಕಂದಕದಲ್ಲಿ ನಿಂತ ಸೈನಿಕನಿಗೆ ಜೇಬಿಗೆ ಕೈ ಹಾಕುವ ಪುರಸೊತ್ತಿರಲಿಲ್ಲವಾದ್ದರಿಂದ ಗಡಿಯಾರ ಕೈಗೆ ಬಂದಿತು. ಆಮೇಲೆ ಬಹಳ ಕಾಲ ಗಂಡಸರ ವಾಚೆಂದರೆ ಇಂದಿನ ಅಂಗಡಿಯವರು ಮಹಿಳೆಯರ ಸಾಲಿನಲ್ಲಿಡುವ ಗಾತ್ರವೇ. ಪಾಟೆಕ್ ಫಿಲಿಪ್ ಕಂಪನಿಯು 1932ರಲ್ಲಿ ತಂದ ಕಲತ್ರಾವಾದ ಮೊದಲ ಮಾದರಿ ಸುಮಾರು 31 ಮಿ.ಮೀ. ಇತ್ತು. ರೋಲೆಕ್ಸ್ ಡೇಟ್‌ಜಸ್ಟ್ 1945ರಲ್ಲಿ 36 ಮಿ.ಮೀ.ನಲ್ಲಿ ಬಂದಾಗ ಅದು ಸಣ್ಣ ವಾಚೆನಿಸಿಕೊಂಡಿರಲಿಲ್ಲ. ಅದೇ ಕಾಲದಲ್ಲಿ ಜರ್ಮನಿಯ ವಿಮಾನಪಡೆಗಾಗಿ 55 ಮಿ.ಮೀ.ನ ಭಾರಿ ವಾಚುಗಳೂ ತಯಾರಾಗಿದ್ದವು. ಅವು ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟುವ ಉಪಕರಣಗಳು. ಅಂದರೆ ದೊಡ್ಡ ಗಾತ್ರಕ್ಕೆ ಆಗ ಕೆಲಸದ ಕಾರಣವಿತ್ತು.

ನಮ್ಮಲ್ಲಿಯೂ ಅದೇ ಅಳತೆ ನಡೆದುಬಂತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾದ ಮೇಲೆ, ದಶಕಗಳ ಕಾಲ ಮೇಷ್ಟರು, ಗುಮಾಸ್ತರು, ರೈತರು, ಅಧಿಕಾರಿಗಳು ಎಲ್ಲರೂ ಕಟ್ಟಿದ್ದು ಹೆಚ್ಚುಕಡಿಮೆ 35 ಮಿ.ಮೀ.ನ ಜನತಾ, ಪೈಲಟ್‌ಗಳನ್ನೇ. ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದ ಹೊತ್ತಿಗೆ ಅಂಗಡಿಗಳ ಗಾಜಿನ ಹಿಂದಿದ್ದವು ಬೇರೆಯೇ ಗಾತ್ರದವು. ನಿಮ್ಮ ಸಹೋದ್ಯೋಗಿಗಳ ತಂದೆಯವರೂ ಬಹುಶಃ ಆ ಸಣ್ಣ ವಾಚನ್ನೇ ಕಟ್ಟಿಕೊಂಡು ಸಂಸಾರ ಸಾಗಿಸಿರುತ್ತಾರೆ.

ದೊಡ್ಡದರ ಹುಚ್ಚು ಹತ್ತಿದ್ದು 1990ರ ದಶಕದಲ್ಲಿ. ಆಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ 1972ರಲ್ಲಿ 39 ಮಿ.ಮೀ.ನಲ್ಲಿ ಬಂದಾಗ ಜನ ಅದನ್ನು ಜಂಬೋ ಎಂದು ಕರೆದರು. ಅದೇ ಕಂಪನಿ 1993ರಲ್ಲಿ 42 ಮಿ.ಮೀ.ನ ರಾಯಲ್ ಓಕ್ ಆಫ್‌ಶೋರ್ ತಂದಾಗ ಅದಕ್ಕೆ ಮೃಗವೆಂದು ಅಡ್ಡಹೆಸರು ಬಿತ್ತು. ಇಟಲಿಯ ನೌಕಾಪಡೆಗೆ ವಾಚು ಒದಗಿಸುತ್ತಿದ್ದ ಪನೆರಾಯ್ ಕಂಪನಿಯೂ 1993ರಲ್ಲಿಯೇ ಸಾರ್ವಜನಿಕರಿಗೆ ತನ್ನ 44 ಮಿ.ಮೀ.ನ ವಾಚುಗಳನ್ನು ಮಾರತೊಡಗಿತು. ನೀರಿನಾಳದಲ್ಲಿ ಕತ್ತಲೆಯಲ್ಲಿ ಓದಲೆಂದು ಮಾಡಿದ ಗಾತ್ರ ಸೂಟಿನ ತೋಳಿನ ಕೆಳಗೆ ಬಂದು ಕುಳಿತಿತು. 2005ರ ಹೊತ್ತಿಗೆ ಹುಬ್ಲೋ ಬಿಗ್ ಬ್ಯಾಂಗ್ 44 ಮಿ.ಮೀ.ನಲ್ಲಿ ಬಂದಾಗ ಅಚ್ಚರಿಪಡುವವರು ಉಳಿದಿರಲಿಲ್ಲ. ಕಾಲ ನೋಡಲು ಮೊಬೈಲು ಕೈಗೆ ಬಂದ ಮೇಲೆ ವಾಚಿಗೆ ಎದುರಿನವರ ಕಣ್ಣಿಗೆ ಬೀಳುವುದೇ ಮುಖ್ಯ ಉದ್ಯೋಗವಾಯಿತೆಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇದ್ದಾರೆ.

ಈಗ ಇಳಿಮುಖ. ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ ವಾಚನ್ನೇ ನೋಡಿ: 2012ರಲ್ಲಿ 41, 2018ರ ಫಿಫ್ಟಿ-ಎಯ್ಟ್ 39, 2023ರ 54 ಎಂಬ ಮಾದರಿ 37 ಮಿ.ಮೀ. ಎಲ್ಲಕ್ಕಿಂತ ಸ್ವಾರಸ್ಯದ್ದು ರೋಲೆಕ್ಸ್ ಎಕ್ಸ್‌ಪ್ಲೋರರ್. 1953ರಿಂದ 36 ಮಿ.ಮೀ.ನಲ್ಲಿಯೇ ನಡೆದುಬಂದಿದ್ದ ಅದು 2010ರಲ್ಲಿ 39 ಆಯಿತು. 2021ರಲ್ಲಿ ಮತ್ತೆ 36ಕ್ಕೆ ಮರಳಿತು. 2023ರಲ್ಲಿ 36ನ್ನು ಉಳಿಸಿಕೊಂಡೇ ಪಕ್ಕದಲ್ಲಿ 40ರದನ್ನೂ ಇಟ್ಟರು. ಗಾತ್ರದ ವಿಷಯದಲ್ಲಿ ಇಷ್ಟು ಸಾವಧಾನದ ಕಂಪನಿಯೇ ಹೀಗೆ ಹೋಗಿ ಬಂದಿರುವಾಗ, ಇನ್ನು ಹತ್ತು ವರ್ಷಕ್ಕೆ ಗಾಳಿ ಎತ್ತ ಬೀಸುತ್ತದೆಂದು ನಾನಾಗಲಿ ನೀವಾಗಲಿ ಊಹಿಸಿ ಪ್ರಯೋಜನವಿಲ್ಲ. ಈ ಏರಿಳಿತಗಳಲ್ಲೆಲ್ಲ 36ರಿಂದ 39ರವರೆಗಿನ ವಾಚುಗಳು ಯಾವ ಕಾಲದಲ್ಲೂ ನಗೆಗೀಡಾಗಲಿಲ್ಲವೆಂಬುದನ್ನು ಮಾತ್ರ ಗಮನಿಸಿ. ದೊಡ್ಡದರ ಅಬ್ಬರದಲ್ಲಿ ಅವು ಸಾದಾ ಎನಿಸಿಕೊಂಡವು, ಅಷ್ಟೆ. 46ರ ವಾಚುಗಳಿಗೆ ಆ ಭಾಗ್ಯವಿಲ್ಲ.

ಸಂಜೆಬಿಸಿಲು (ಧಾರವಾಡ)

ಸಣ್ಣ ವಾಚಿನ ಪರವಾಗಿ ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಪ್ರಶ್ನೆ ಕೇಳಿದವರು ನಿವೃತ್ತಿಯವರೆಗೂ ಅದೇ ವಾಚನ್ನು ಇಟ್ಟುಕೊಳ್ಳುವುದಾಗಿ ಬರೆದಿದ್ದಾರೆ. ಅಷ್ಟರೊಳಗೆ ಅವರಿಗೆ ಚಾಳೀಸು ಬಂದಿರುತ್ತದೆ. ನನಗೆ ಬಂದು ಬಹಳ ಕಾಲವಾಯಿತು. ಕನ್ನಡಕವಿಲ್ಲದೆ ನನ್ನ ಹಳೆಯ 34 ಮಿ.ಮೀ.ನ ವಾಚಿನಲ್ಲಿ ಎಷ್ಟು ಗಂಟೆಯೆಂದು ಗೊತ್ತಾಗುತ್ತದೆ, ಎಷ್ಟು ನಿಮಿಷವೆಂದು ಗೊತ್ತಾಗುವುದಿಲ್ಲ. ತಾರೀಖಂತೂ ಕಪ್ಪು ಚುಕ್ಕೆ. ಹಾಗಾಗಿ 41ರದನ್ನು ಕಟ್ಟುತ್ತೇನೆ. ಲಗ್‌ಗಳು ಒಂದೆರಡು ಮಿಲಿಮೀಟರ್ ಆಚೆ ಬಂದರೆ ಬರಲಿ, ಬಸ್ಸು ತಪ್ಪಬಾರದು.

ಆದರೂ ಗಾತ್ರವೊಂದರಿಂದಲೇ ಓದಲು ಸುಲಭವಾಗುತ್ತದೆಂದು ತಿಳಿಯಬೇಡಿ. ಬೆಳ್ಳಿಬಣ್ಣದ ಡಯಲ್ ಮೇಲೆ ಬೆಳ್ಳಿಬಣ್ಣದ ಮುಳ್ಳುಗಳಿರುವ 42ರ ವಾಚಿಗಿಂತ, ಕಪ್ಪು ಡಯಲ್ ಮೇಲೆ ಬಿಳಿ ಅಂಕಿಗಳೂ ದಪ್ಪ ಮುಳ್ಳುಗಳೂ ಇರುವ 36ರ ವಾಚೇ ಮೇಲು. ಮುಳ್ಳುಗಳು ಡಯಲ್‌ನ ಅಂಚಿನವರೆಗೂ ಮುಟ್ಟುತ್ತವೆಯೇ ಎಂದು ನೋಡಿ. ನಿಮಿಷದ ಮುಳ್ಳು ಗೆರೆಗಳನ್ನು ಮುಟ್ಟದೆ ನಡುದಾರಿಯಲ್ಲಿ ನಿಂತರೆ ಡಯಲ್ ಎಷ್ಟು ದೊಡ್ಡದಿದ್ದರೂ ನಿಮಿಷವನ್ನು ಅಂದಾಜಿನಲ್ಲೇ ಓದಬೇಕಾಗುತ್ತದೆ. ಅಂಗಡಿಯ ಝಗಝಗಿಸುವ ದೀಪದ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಬಾಗಿಲ ಹತ್ತಿರ ಬಂದು, ಒಮ್ಮೆ ನೆರಳಿನಲ್ಲಿ ಓದಿ ನೋಡಿ.

ಸ್ಪ್ರಿಂಗ್‌ಬಾರ್ (ಶಿವಮೊಗ್ಗ)

ವಾಚು ರಿಪೇರಿ ನನ್ನ ಕಸುಬು. ಹಿಂಬದಿಯ ಮುಚ್ಚಳ ತೆಗೆದವನಿಗೆ ಕಾಣುವ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ದೊಡ್ಡ ವಾಚಿನೊಳಗೆ ದೊಡ್ಡ ಯಂತ್ರ ಇರುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಲೆಕ್ಕವಿಲ್ಲದಷ್ಟು ಸಾದಾ ಬ್ಯಾಟರಿ ವಾಚುಗಳಲ್ಲಿರುವ ಮಿಯೋಟಾ 2035 ಯಂತ್ರ ಸುಮಾರು 15 × 18 ಮಿ.ಮೀ. ಮಾತ್ರ. 44ರ ಕೇಸಿನಲ್ಲಿ ಅದನ್ನು ಕೂರಿಸಲು ಸುತ್ತಲೂ ಪ್ಲಾಸ್ಟಿಕ್ ಬಳೆ ಹಾಕಿರುತ್ತಾರೆ. ಉಳಿದದ್ದೆಲ್ಲ ಖಾಲಿ ಜಾಗ. ಸ್ವಿಸ್ ಆಟೊಮ್ಯಾಟಿಕ್ (ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವ) ವಾಚುಗಳಲ್ಲಿ ಬಹಳವಾಗಿ ಬಳಕೆಯಾಗಿರುವ ಇಟಿಎ 2824 ಯಂತ್ರದ ವ್ಯಾಸವೂ 25.6 ಮಿ.ಮೀ. ಅಷ್ಟೇ. ಹೊರಗಿನಿಂದಲೇ ಇದನ್ನು ಪತ್ತೆಹಚ್ಚುವ ಉಪಾಯವಿದೆ. ತಾರೀಖಿನ ಕಿಂಡಿ ಎಲ್ಲಿದೆಯೆಂದು ನೋಡಿ. ಅದು ಡಯಲ್‌ನ ಅಂಚಿಗೆ ಹತ್ತಿರವಿದ್ದರೆ ಯಂತ್ರಕ್ಕೂ ಕೇಸಿಗೂ ಹೊಂದಾಣಿಕೆ ಇದೆ. ಅಂಚನ್ನು ಬಿಟ್ಟು ನಡುವಿನತ್ತ ಸರಿದಿದ್ದರೆ ಸಣ್ಣ ಯಂತ್ರಕ್ಕೆ ದೊಡ್ಡ ಅಂಗಿ ತೊಡಿಸಿದ್ದಾರೆ. ಇದರಿಂದ ವಾಚು ಕೆಟ್ಟುಹೋಗುವುದಿಲ್ಲ. ಆದರೆ ಆ ಗಾತ್ರ ಕೇವಲ ತೋರಿಕೆಗೆ ಎಂಬುದು ನಿಮಗೆ ತಿಳಿದಿರಲಿ.

ದಪ್ಪದ ಬಗ್ಗೆ ಇಲ್ಲಿ ಯಾರೂ ಮಾತನಾಡಿಲ್ಲ. ನಿತ್ಯ ತುಂಬುತೋಳಿನ ಅಂಗಿ ಹಾಕುವವರಾದರೆ ವ್ಯಾಸಕ್ಕಿಂತ ಇದೇ ಹೆಚ್ಚು ಕಾಡುತ್ತದೆ. ಆಟೊಮ್ಯಾಟಿಕ್ ವಾಚಿನಲ್ಲಿ ಯಂತ್ರದ ಮೇಲೆ ತಿರುಗುವ ರೋಟರ್ ಇರುವುದರಿಂದ ದಪ್ಪ ತಾನಾಗಿಯೇ ಹೆಚ್ಚುತ್ತದೆ. ಮೇಲೆ ಹೇಳಿದ ಸೈಕೊ 13 ಮಿ.ಮೀ. ದಾಟುತ್ತದೆ. ಅದರ ಎದುರಿಗೆ, 2002ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಬಂದ ಟೈಟನ್ ಎಡ್ಜ್ ಒಟ್ಟು 3.5 ಮಿ.ಮೀ. ದಪ್ಪ, ಅದರೊಳಗಿನ ಯಂತ್ರ 1.15 ಮಿ.ಮೀ. ಎಲ್ಲರಿಗೂ ಅಷ್ಟು ತೆಳ್ಳಗಿನದು ಬೇಕೆಂದಲ್ಲ. 10 ಅಥವಾ 11 ಮಿ.ಮೀ. ಒಳಗಿದ್ದರೆ ತೋಳಿನ ಗುಂಡಿ ಹಾಕಲು ತೊಂದರೆಯಾಗುವುದಿಲ್ಲ. ಸಣ್ಣ ಕೈಗೆ ದಪ್ಪ ವಾಚು ಕಟ್ಟಿದರೆ ಅದು ಒಂದು ಬದಿಗೆ ಉರುಳುತ್ತಲೇ ಇರುತ್ತದೆ. ಜನ ಅದನ್ನು ತಡೆಯಲು ಬಿಗಿಯಾಗಿ ಕಟ್ಟುತ್ತಾರೆ, ಆಮೇಲೆ ಬೆವರಿಗೆ ಚರ್ಮ ಕೆಂಪಾಯಿತೆಂದು ನನ್ನ ಹತ್ತಿರ ಬರುತ್ತಾರೆ.

ಪಟ್ಟಿಯ ಅಗಲವನ್ನೂ ನೋಡಿ. ಎಚ್‌ಎಂಟಿ ಜನತಾಕ್ಕೆ 18 ಮಿ.ಮೀ. ಪಟ್ಟಿ ಕೂರುತ್ತದೆ, ದೊಡ್ಡ ವಾಚುಗಳಿಗೆ 22 ಬೇಕಾಗುತ್ತದೆ. ಕೇಸಿನ ವ್ಯಾಸದ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಅಗಲದ ಪಟ್ಟಿ ಕಣ್ಣಿಗೆ ಹಿತ. 18, 20, 22 ಎಲ್ಲ ಊರಿನಲ್ಲೂ ಸಿಗುತ್ತವೆ. 19 ಅಥವಾ 21ರ ವಾಚು ಕೊಂಡವರು ಪಟ್ಟಿಗಾಗಿ ಅಲೆಯುವುದನ್ನು ನೋಡಿದ್ದೇನೆ. ಪಿಆರ್‌ಎಕ್ಸ್‌ನಂಥ ವಾಚಿಗೆ ಅದರದೇ ಆಕಾರದ ಪಟ್ಟಿಯೇ ಬೇಕು. ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಲೆಕ್ಕವಿದ್ದರೆ ಇದನ್ನೂ ಯೋಚಿಸಿ.

ನೇತ್ರಾವತಿದಡ (ಮಂಗಳೂರು)

ಗಂಡಸರದು, ಹೆಂಗಸರದು ಎಂಬ ವಿಂಗಡಣೆಯನ್ನು ಅಂಗಡಿಯ ಕಪಾಟಿಗೆ ಬಿಟ್ಟುಬಿಡುವುದು ಒಳ್ಳೆಯದು. ನನ್ನದೂ 16 ಸೆಂ.ಮೀ. ಮಣಿಕಟ್ಟೇ, ನಾನು 36ರದನ್ನು ಕಟ್ಟುತ್ತೇನೆ. ನಮ್ಮ ಅತ್ತೆಯವರು ಕಟ್ಟುವುದು 24ರದು. ಹೆಂಗಸರ ವಾಚುಗಳೇ ಇಷ್ಟು ಬೆಳೆದಿರುವಾಗ 36 ಯಾರ ಸೈಜೆಂದು ಕೇಳುವುದರಲ್ಲಿ ಹುರುಳಿಲ್ಲ. ಇನ್ನೊಂದು ಮಾತು: ನಮ್ಮ ಕರಾವಳಿಯ ಸೆಕೆಯಲ್ಲಿ ಸಂಜೆಯ ಹೊತ್ತಿಗೆ ಮಣಿಕಟ್ಟು ಉಬ್ಬುತ್ತದೆ. ಬೆಳಿಗ್ಗೆ ಹವಾನಿಯಂತ್ರಿತ ಅಂಗಡಿಯಲ್ಲಿ ಸರಿಹೊಂದಿದ ಚೈನು ಸಂಜೆ ಬಿಗಿಯಾಗುತ್ತದೆ. ಬಕಲ್‌ನಲ್ಲಿ ಸಣ್ಣ ಹೊಂದಾಣಿಕೆಗೆ ರಂಧ್ರಗಳಿವೆಯೇ ಎಂದು ಕೇಳಿ ಕೊಳ್ಳಿ. ದಾವಣಗೆರೆಯ ಬೇಸಿಗೆಯೂ ಕಡಿಮೆಯದಲ್ಲವಷ್ಟೆ.

ಕೆರೆಏರಿ (ದಾವಣಗೆರೆ)

ಎಲ್ಲರಿಗೂ ವಂದನೆಗಳು. ಸ್ಕೇಲನ್ನಿಟ್ಟು ನೋಡಿದೆ, ಸಮತಟ್ಟಾದ ಜಾಗ ಸರಿಯಾಗಿ 50 ಮಿ.ಮೀ. ಇದೆ. ತಂದೆಯವರ ಜನತಾದಲ್ಲಿ ತಾರೀಖಿನ ಕಿಂಡಿಯೇ ಇಲ್ಲವಾದ್ದರಿಂದ ಆ ಪರೀಕ್ಷೆಯನ್ನು ನೆರೆಮನೆಯವರ 45ರ ವಾಚಿನ ಮೇಲೆ ಮಾಡಿದೆ: ಕಿಂಡಿ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. ಅವರಿಗೆ ಹೇಳಲಿಲ್ಲ.

ಪಿಆರ್‌ಎಕ್ಸ್ 40 ನನಗೆ ಹೆಚ್ಚಾಗುತ್ತದೆಂದು ಈಗ ಅರ್ಥವಾಯಿತು. ಆದರೆ 35ರದು ಆ ಹೊಳೆಯುವ ಚೈನಿನೊಂದಿಗೆ ಬಳೆಯಂತೆ ಕಂಡೀತೇ ಎಂಬ ಸಂಶಯ ಇನ್ನೂ ಹೋಗಿಲ್ಲ. ಚರ್ಮದ ಪಟ್ಟಿಯ, 37 ಅಥವಾ 38ರ ಒಂದು ಸಾದಾ ವಾಚಿನ ಕಡೆಗೆ ಮನಸ್ಸು ಸರಿಯುತ್ತಿದೆ. ಲಗ್‌ನಿಂದ ಲಗ್‌ಗೆ ಎಷ್ಟರೊಳಗೆ ಇರಬೇಕು?

ಅಳತೆಪಟ್ಟಿ (ಬೆಂಗಳೂರು)

ಸಮತಟ್ಟಾದ ಜಾಗ 50 ಇದ್ದರೆ 47 ದಾಟದಿರಲಿ. 44ರಿಂದ 46ರೊಳಗೆ ಸಿಕ್ಕರೆ ಇನ್ನೂ ಒಳ್ಳೆಯದು. ಈ ಅಂಕಿಯನ್ನು ಕಂಪನಿಯವರು ಬಹುಪಾಲು ಬರೆದಿರುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಒಂದು ಪುಟ್ಟ ಪ್ಲಾಸ್ಟಿಕ್ ಸ್ಕೇಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಲೋಹದ್ದನ್ನು ಒಯ್ಯಬೇಡಿ, ಗೀರು ಬಿದ್ದೀತೆಂದು ಅವರು ಅಳೆಯಲು ಬಿಡುವುದಿಲ್ಲ.

35ರ ಪಿಆರ್‌ಎಕ್ಸ್‌ನ್ನು ನೋಡದೆಯೇ ಕೈಬಿಡಬೇಡಿ. ಹೊಸ ವಾಚಿನ ಚೈನು ದೊಡ್ಡ ಕೈಗೂ ಆಗುವಷ್ಟು ಉದ್ದವಿರುತ್ತದೆ. ಸಡಿಲವಾಗಿ ಜೋತಾಡುವಾಗ ಯಾವುದೇ ವಾಚು ಬಳೆಯಂತೆಯೇ ಕಾಣುತ್ತದೆ. ಹೆಚ್ಚುವರಿ ಕೊಂಡಿಗಳನ್ನು ಕೆಳಗಡೆ ಬೆರಳಿನಿಂದ ಮಡಚಿ ಹಿಡಿದು, ಕೈಗೆ ಸರಿಯಾಗಿ ಕೂರುವಂತೆ ಮಾಡಿಸಿಕೊಂಡು, ಆಮೇಲೆ ಕನ್ನಡಿಯ ಮುಂದೆ ನಿಲ್ಲಿ. ಅದರ ಪಕ್ಕಕ್ಕೆ ನಿಮ್ಮ 38ರ ಚರ್ಮದ ಪಟ್ಟಿಯದನ್ನು ಇನ್ನೊಂದು ಕೈಗೆ ಕಟ್ಟಿ ಹೋಲಿಸಿ. ಶನಿವಾರ, ಭಾನುವಾರದ ಸಂದಣಿಯಲ್ಲಿ ಇಷ್ಟೆಲ್ಲ ಮಾಡಲು ಬಿಡುವುದಿಲ್ಲ. ವಾರದ ದಿನ ಮಧ್ಯಾಹ್ನ ಹೋಗಿ.